ಪರಿಗಿಯ ದೂರ, ನ್ಯಾನೊ ಕಣದ ಭಾರ

ಆಂಧ್ರದ ಪರಿಗಿಯ ರೇಷ್ಮೆ ರೈತನೊಬ್ಬನಿಗೆ ನಸುಕಿನಲ್ಲಿ ಎದೆನೋವು ಬಂತೆನ್ನಿ. ಹಿಂದೂಪುರವೇನೋ ಹತ್ತಿರ. ಆಂಜಿಯೋಪ್ಲಾಸ್ಟಿಗೆ ಬೆಂಗಳೂರಿಗೇ ಹೋಗಬೇಕೆಂದರೆ ಸುಮಾರು ನೂರು ಕಿಲೋಮೀಟರ್. ಹೃದಯದ ಸ್ನಾಯು ಅಷ್ಟು ಹೊತ್ತು ತಡೆಯದು. ನಾಳದಲ್ಲಿ ಕಟ್ಟಿದ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಬೆಲೆ ಬರುವುದು ಇಂಥ ಹಾದಿಯಲ್ಲಿ. ಮದ್ದನ್ನು ನ್ಯಾನೊ ಕಣಗಳ ಮೇಲೆ ಹೊರಿಸಿ ಹೆಪ್ಪಿನ ಬಳಿಗೇ ಕಳಿಸುವ ಸಂಶೋಧನೆಯನ್ನೂ ಇದೇ ಹಾದಿಯಲ್ಲಿಟ್ಟು ಅಳೆಯಬೇಕು.

ಈಗಿನ ಮದ್ದು ಗುರಿ ನೋಡಿ ಹೋಗುವುದಿಲ್ಲ, ಮೈಯೆಲ್ಲ ಹರಿಯುತ್ತದೆ. ಟಿಪಿಎ ಎಂಬ ಮದ್ದಂತೂ ರಕ್ತದಲ್ಲಿ ಐದೇ ನಿಮಿಷಕ್ಕೆ ಅರ್ಧವಾಗುವುದರಿಂದ ಹೆಚ್ಚು ಪ್ರಮಾಣದಲ್ಲೇ ಕೊಡಬೇಕು. ಪಾರ್ಶ್ವವಾಯು ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 1995ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅದನ್ನು ಪಡೆದ ಶೇ 6.4ರಷ್ಟು ಮಂದಿಗೆ ಮೆದುಳಿನಲ್ಲಿ ಲಕ್ಷಣ ತೋರುವಂಥ ರಕ್ತಸ್ರಾವವಾಯಿತು. ಪಡೆಯದವರಲ್ಲಿ ಶೇ 0.6. ಸಣ್ಣ ಆಸ್ಪತ್ರೆಯ ವೈದ್ಯರ ಕೈ ಹಿಂಜರಿಯುವುದು ಈ ಭಯಕ್ಕೆ.

2012ರಲ್ಲಿ ಹಾರ್ವರ್ಡ್‌ನ ನೆತನೆಲ್ ಕೊರಿನ್, ಡೊನಾಲ್ಡ್ ಇಂಗ್ಬರ್ ತಂಡ ಕೊಟ್ಟ ಉಪಾಯ ನಿಜಕ್ಕೂ ಸೊಗಸಾದದ್ದು. ಕಾಲುವೆ ಇಕ್ಕಟ್ಟಾದಲ್ಲಿ ನೀರು ರಭಸದಿಂದ ನುಗ್ಗುತ್ತದಲ್ಲ, ರಕ್ತವೂ ಹಾಗೇ. ಟಿಪಿಎ ಲೇಪಿಸಿದ ಕಣಗಳನ್ನು ಪ್ಲೇಟ್‌ಲೆಟ್ ಗಾತ್ರದ ಉಂಡೆಯಾಗಿಸಿ ಬಿಟ್ಟರೆ, ಆ ರಭಸಕ್ಕೆ ಅದು ಅಲ್ಲೇ ಬಿಚ್ಚಿ ಕಣಗಳು ಹೆಪ್ಪಿಗೆ ಅಂಟುತ್ತವೆ. ಇಲಿಗಳಲ್ಲಿ ಮದ್ದಿನ ಸುಮಾರು ನೂರನೇ ಒಂದು ಭಾಗವೇ ಸಾಕಾಯಿತು.

ಆದರೆ ನಾಳ ಪೂರ್ತಿ ಮುಚ್ಚಿದ್ದರೆ? ಹರಿವೇ ಇಲ್ಲ, ರಭಸ ಎಲ್ಲಿಯದು! 2015ರಲ್ಲಿ ಮೊಲಗಳ ಮೇಲೆ ಪ್ರಯೋಗಿಸಿದವರು ಮೊದಲು ಸ್ಟೆಂಟಿನಂಥ ಸಾಧನದಿಂದ ತಾತ್ಕಾಲಿಕ ದಾರಿ ಬಿಡಿಸಿ, ಆಮೇಲೆ ಈ ಕಣ ಬಿಟ್ಟರು. ಆ ಸಾಧನ, ಅದನ್ನು ಬಳಸಬಲ್ಲ ಕೈ ಇರುವುದು ದೊಡ್ಡ ಆಸ್ಪತ್ರೆಗಳಲ್ಲಿ. ಅಲ್ಲಿಗೆ ಪರಿಗಿಯ ದೂರ ಹಾಗೇ ಉಳಿಯಿತು.

ಇದಕ್ಕೆ ಹೋಲಿಸಿದರೆ ಟೆನೆಕ್ಟೆಪ್ಲೇಸ್‌ನದು ಸರಳ ದಾರಿ. ಟಿಪಿಎ ಪ್ರೋಟೀನನ್ನೇ ಕೊಂಚ ತಿದ್ದಿ, ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವಂತೆ ಮಾಡಿದ್ದು. ಹೊರುವ ಕಣ ಬೇಕಿಲ್ಲ. ಸೀಸೆಯ ಬಿಳಿ ಪುಡಿಗೆ ನೀರು ಬೆರೆಸಿ, ರೋಗಿಯ ತೂಕ ನೋಡಿ, ಕೆಲವೇ ಸೆಕೆಂಡುಗಳಲ್ಲಿ ಒಂದೇ ಸಲ ರಕ್ತನಾಳಕ್ಕೆ ಕೊಡುತ್ತಾರೆ. ಗಡಿಯಾಚೆ ಕರ್ನಾಟಕದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರದ ತಜ್ಞರು ನೋಡಿ ಹೇಳಿದರೆ, ಈ ದುಬಾರಿ ಮದ್ದು ಅಲ್ಲೇ ಉಚಿತ.

ನ್ಯಾನೊ ಕಣ ಗೆಲ್ಲಬೇಕಾದದ್ದು ಈ ಮದ್ದಿನೆದುರು, ಇಲಿಯ ಎದುರಲ್ಲ. ರಕ್ತಸ್ರಾವದ ಭಯ ತಗ್ಗಿಸಿ, ಇಷ್ಟೇ ಸಲೀಸಾಗಿ ತಾಲ್ಲೂಕಿಗೆ ಬಂದರೆ ಅದಕ್ಕೆ ಪೂರ್ಣ ಅಂಕ. ಸದ್ಯಕ್ಕೆ ಅದು ಒಳ್ಳೆಯ ವಿಜ್ಞಾನ, ಚಿಕಿತ್ಸೆಯಲ್ಲ.

ಅಲ್ಲಿಯವರೆಗೆ, ಎದೆ ಹಿಂಡಿದಂತಾದರೆ ಗ್ಯಾಸೆಂದು ಸೋಡಾ ಕುಡಿದು ಕೂರಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲೇ ಮೊದಲ ಇಸಿಜಿ ಮಾಡಿಸಿ.