ಕೂಡುಬಂಡವಾಳದ ಕಂಪನಿಗಳೂ ವರ್ಜೀನಿಯ ವಸಾಹತೂ: ಒಂದು ವಿಮರ್ಶೆ

ಆಂಗ್ಲರ ಸಾಗರೋತ್ತರ ವಸಾಹತುಗಳ ಆರಂಭವನ್ನು ವಿವರಿಸುವ ಪಠ್ಯಪುಸ್ತಕಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಕೂಡುಬಂಡವಾಳದ ಕಂಪನಿಯು ನಷ್ಟದ ಭಯವನ್ನು ಹಲವರಲ್ಲಿ ಹಂಚಿತು, ಆದುದರಿಂದಲೇ ಇಂಗ್ಲೆಂಡು ಅಮೆರಿಕದಲ್ಲಿ ನೆಲೆಯೂರಿತು. ಈ ಮಾತನ್ನು ನಾನೂ ತರಗತಿಯಲ್ಲಿ ಹಲವು ಬಾರಿ ಹೇಳಿದ್ದೇನೆ. ಅದು ಸುಳ್ಳಲ್ಲ, ಆದರೆ ಹಂಚಿಹೋದುದು ಯಾರ ನಷ್ಟ ಎಂಬುದನ್ನು ಅದು ಹೇಳುವುದಿಲ್ಲ.

ಈ ಕ್ಷೇತ್ರದ ಮುಖ್ಯ ಗ್ರಂಥಗಳಲ್ಲೊಂದು ಥಿಯೊಡೋರ್ ರ್ಯಾಬ್ ಅವರು 1967ರಲ್ಲಿ ಪ್ರಕಟಿಸಿದ 'ಎಂಟರ್‌ಪ್ರೈಸ್ ಅಂಡ್ ಎಂಪೈರ್'. 1575ರಿಂದ 1630ರವರೆಗೆ ಇಂತಹ ಕಂಪನಿಗಳಲ್ಲಿ ಹಣ ತೊಡಗಿಸಿದ 6,000ಕ್ಕೂ ಹೆಚ್ಚು ಜನರನ್ನು ಅವರು ಗಣಕಯಂತ್ರದ ನೆರವಿನಿಂದ ವರ್ಗೀಕರಿಸಿದರು. ವರ್ತಕರೊಡನೆ ಜಮೀನುದಾರ ಕುಲೀನರೂ ಗಣನೀಯ ಸಂಖ್ಯೆಯಲ್ಲಿ ಸೇರಿದ್ದರೆಂದೂ, ಅವರನ್ನು ಸೆಳೆದುದು ಲಾಭವೊಂದೇ ಅಲ್ಲವೆಂದೂ ತೋರಿಸಿಕೊಟ್ಟರು. ಇದು ಶ್ರಮಸಾಧ್ಯವಾದ, ಉಪಯುಕ್ತವಾದ ಕೆಲಸ. ಹಣ ಕೊಟ್ಟವರು ಯಾರು ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆಗೆ ದೊರೆತ ಉತ್ತರವನ್ನು ವಸಾಹತು ಹೇಗೆ ಉಳಿಯಿತು ಎಂಬ ಬೇರೊಂದು ಪ್ರಶ್ನೆಗೆ ನಾವು ಬಳಸುತ್ತಿದ್ದೇವೆ. ತಪ್ಪು ಅಲ್ಲಿದೆ.

ಕೂಡುಬಂಡವಾಳದ ಪದ್ಧತಿ ಮೂಲತಃ ವ್ಯಾಪಾರಕ್ಕೆ ಹೊಂದಿಕೊಂಡದ್ದು. 1555ರಲ್ಲಿ ಸನದು ಪಡೆದ ಮಸ್ಕೊವಿ ಕಂಪನಿಯ ಉದ್ದೇಶ ರಷ್ಯದೊಡನೆ ವ್ಯಾಪಾರ. 1600ರ ಡಿಸೆಂಬರ್ 31ರಂದು ಸನದು ಪಡೆದ ಈಸ್ಟ್ ಇಂಡಿಯಾ ಕಂಪನಿಯು ಮೊದಮೊದಲು ಪ್ರತಿಯೊಂದು ನೌಕಾಯಾನಕ್ಕೂ ಪ್ರತ್ಯೇಕ ಬಂಡವಾಳ ಕೂಡಿಸುತ್ತಿತ್ತು. ಹಡಗು ಮೆಣಸು ತುಂಬಿಕೊಂಡು ಮರಳಿದರೆ ಸರಕು ಮಾರಿ ಲೆಕ್ಕ ಚುಕ್ತಾ ಮಾಡಬಹುದಾಗಿತ್ತು. ಅದಕ್ಕೆ ಶಾಶ್ವತ ಬಂಡವಾಳ ಬಂದುದು 1657ರಲ್ಲಿ. ನಮ್ಮ ವಿದ್ಯಾರ್ಥಿಗಳಿಗೆ ಕಂಪನಿ ಎಂದೊಡನೆ ಇದೊಂದೇ ನೆನಪಾಗುವುದು ಸಹಜ; ಆದರೆ ಈ ಅಳತೆಗೋಲನ್ನು ವರ್ಜೀನಿಯಕ್ಕೆ ಹಿಡಿದರೆ ಏನೂ ತಿಳಿಯದು. ಅಲ್ಲಿಗೆ ಹೋದ ಹಡಗಿನಲ್ಲಿದ್ದುದು ಮನುಷ್ಯರು ಮತ್ತು ಅವರಿಗೆ ಬೇಕಾದ ದವಸ. ಅವು ಮಾರಾಟದ ಸರಕಾಗಿ ಹಿಂದಿರುಗುವಂತಿರಲಿಲ್ಲ.

1607ರಲ್ಲಿ ಜೇಮ್ಸ್‌ಟೌನ್ ಸ್ಥಾಪನೆಯಾಯಿತು. 1609ರ ಎರಡನೆಯ ಸನದಿನ ಕಾಲಕ್ಕೆ ಒಂದು ಷೇರಿನ ಬೆಲೆ 12 ಪೌಂಡು 10 ಷಿಲಿಂಗು. ಹಣವಿಲ್ಲದವನು ತಾನೇ ಹೊರಟರೆ ಅವನಿಗೂ ಒಂದು ಷೇರು. ಏಳು ವರ್ಷ ಎಲ್ಲರ ದುಡಿಮೆಯೂ ಸಾಮಾನ್ಯ ಉಗ್ರಾಣಕ್ಕೆ, ಅನಂತರ ಲಾಭದ ಹಂಚಿಕೆ. ಕಾಗದದ ಮೇಲೆ ಇಬ್ಬರೂ ಸಮಾನ ಪಾಲುದಾರರು. ಆದರೆ 1609-10ರ ಚಳಿಗಾಲದಲ್ಲಿ ಸುಮಾರು 500 ಮಂದಿಯಲ್ಲಿ ಉಳಿದವರು ಸುಮಾರು 60. ಲಂಡನ್ನಿನ ಪಾಲುದಾರನು ಕಳೆದುಕೊಳ್ಳಬಹುದಾಗಿದ್ದುದು ತಾನು ತೊಡಗಿಸಿದ ಹಣವನ್ನು. ಹಸಿವೆಯಿಂದ ಸತ್ತವನ ನಷ್ಟವನ್ನು ಯಾರೊಡನೆ ಹಂಚುವುದು?

ಹಣ ಸಾಲದಾದಾಗ 1612ರ ಸನದು ಲಾಟರಿಗೆ ಅನುಮತಿ ನೀಡಿತು. 1621ರವರೆಗೆ ಕಂಪನಿಯನ್ನು ಬಹುಮಟ್ಟಿಗೆ ನಡೆಸಿದುದು ಈ ಲಾಟರಿಯೇ. 1616ರಲ್ಲಿ ಹಂಚಿಕೆಯ ಗಡುವು ಬಂದಾಗ ಹಂಚಲು ಲಾಭವಿರಲಿಲ್ಲ. ಕಂಪನಿಯು ಲಾಭಾಂಶಕ್ಕೆ ಬದಲಾಗಿ ಭೂಮಿಯನ್ನು ಕೊಡಮಾಡಿತು. ಆ ಭೂಮಿಯಲ್ಲಿ ಪೌಹಾಟನ್ ಜನರು ವಾಸವಾಗಿದ್ದರೆಂಬುದನ್ನು ಷೇರುಪತ್ರಗಳು ಲೆಕ್ಕಕ್ಕೆ ಹಿಡಿಯಲಿಲ್ಲ.

ನನ್ನ ದೃಷ್ಟಿಯಲ್ಲಿ ವರ್ಜೀನಿಯದ ಇತಿಹಾಸದ ತಿರುವು ಇಲ್ಲಿದೆ. 1618ರಿಂದ ಒಬ್ಬ ಮನುಷ್ಯನನ್ನು ಸ್ವಂತ ಖರ್ಚಿನಿಂದ ಕರೆತಂದವನಿಗೆ 50 ಎಕರೆ ಭೂಮಿ ಎಂಬ ನಿಯಮ ಜಾರಿಗೆ ಬಂದಿತು. ಜಾನ್ ರೋಲ್ಫ್ ಬೆಳೆದು ತೋರಿಸಿದ್ದ ಹೊಗೆಸೊಪ್ಪಿಗೆ ಆಗಲೇ ಬೇಡಿಕೆ ಹುಟ್ಟಿತ್ತು. ಹಣವಿದ್ದವನು ಕರಾರಿನ ಆಳುಗಳನ್ನು ತಂದನು. ತಂದಷ್ಟೂ ಅವನ ಭೂಮಿ ಬೆಳೆಯಿತು. ಹಿಂದೆ ಪಾಲುದಾರನೆನಿಸಿದ್ದ ದುಡಿಯುವವನು ಈಗ ಇನ್ನೊಬ್ಬನ ಭೂಮಿಯ ಲೆಕ್ಕದಲ್ಲಿ ಒಂದು ತಲೆಯಾದನು. 1619ರ ಜುಲೈಯಲ್ಲಿ ಮೊದಲ ಪ್ರತಿನಿಧಿ ಸಭೆ ಸೇರಿತೆಂದು ಎಲ್ಲ ಪುಸ್ತಕಗಳೂ ಹೊಗಳುತ್ತವೆ. ಅದರ ಮುಂದಿನ ತಿಂಗಳಲ್ಲಿಯೇ ಇಪ್ಪತ್ತಕ್ಕೂ ಮಿಕ್ಕ ಆಫ್ರಿಕನ್ ಬಂದಿಗಳು ಅಲ್ಲಿ ಮಾರಾಟವಾದರು. ಈ ಎರಡನ್ನೂ ಒಂದೇ ಪಾಠದಲ್ಲಿ ಹೇಳುವುದು ಒಳ್ಳೆಯದು.

ಸರ್ ಎಡ್ವಿನ್ ಸ್ಯಾಂಡಿಸ್‌ನ ಕಾಲದಲ್ಲಿ, 1619ರಿಂದ 1622ರವರೆಗೆ, ಸುಮಾರು 3,500 ಮಂದಿಯನ್ನು ಕಳುಹಿಸಲಾಯಿತು. 1622ರ ಮಾರ್ಚಿಯಲ್ಲಿ ಪೌಹಾಟನ್ನರ ದಾಳಿಗೆ 347 ಮಂದಿ ಬಲಿಯಾದರು. ರೋಗವೂ ಹಸಿವೆಯೂ ಕೊಂದವರು ಅದಕ್ಕಿಂತ ಎಷ್ಟೋ ಹೆಚ್ಚು. 1625ರ ಗಣತಿಯಲ್ಲಿ ಉಳಿದಿದ್ದವರು ಸುಮಾರು 1,200.

ಎಲ್ಲ ಕಂಪನಿಗಳ ಕಥೆಯೂ ಹೀಗೆಯೇ ಆಗಲಿಲ್ಲ. ಪ್ಲಿಮತ್ತಿನ ವಲಸೆಗಾರರು 1627ರಲ್ಲಿ ಲಂಡನ್ನಿನ ಹಣದಾರರ ಪಾಲನ್ನು 1,800 ಪೌಂಡಿಗೆ ತಾವೇ ಕೊಂಡುಕೊಳ್ಳಲು ಒಪ್ಪಿದರು. ಮ್ಯಾಸಚೂಸೆಟ್ಸಿಗೆ ಹೋದವರು 1630ರಲ್ಲಿ ಸನದನ್ನೇ ಜೊತೆಗೆ ಒಯ್ದರು. ಎರಡು ಕಡೆಯೂ ವಸಾಹತು ಗಟ್ಟಿಯಾದುದು ಕಂಪನಿಯ ಹಿಡಿತ ಲಂಡನ್ನಿನಿಂದ ಕಳಚಿಕೊಂಡ ಮೇಲೆ. ಕಂಪನಿಯೇ ವಸಾಹತನ್ನು ಕಟ್ಟಿತೆಂಬ ಸರಳ ವಾದಕ್ಕೆ ಇದು ಇನ್ನೊಂದು ತೊಡಕು.

1624ರಲ್ಲಿ ರಾಜನ ನ್ಯಾಯಾಲಯವು ವರ್ಜೀನಿಯ ಕಂಪನಿಯ ಸನದನ್ನು ರದ್ದುಗೊಳಿಸಿತು. ಪಾಲುದಾರರ ಹಣ ಮುಳುಗಿತು. ತಲೆಗೆ 50 ಎಕರೆಯ ನಿಯಮ ಮಾತ್ರ ರಾಜನ ಆಳ್ವಿಕೆಯಲ್ಲಿಯೂ ಆ ಶತಮಾನದುದ್ದಕ್ಕೂ ಮುಂದುವರಿಯಿತು.