ಸೀಸದ ಸೈನಿಕರೂ ಹಿಟ್ಟಿನ ಕೋಳಿಯೂ

ಆಂಗ್ಲ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ ಪ್ರಕಟಿಸಿದ ‘ಲಿಟ್ಲ್ ವಾರ್ಸ್’ ಆಟಿಕೆಯ ಸೈನಿಕರಿಂದ ಯುದ್ಧವಾಡುವ ಕ್ರಮವನ್ನು ನಿರೂಪಿಸುವ ಕಿರುಗ್ರಂಥ. ಬಣ್ಣ ಬಳಿದ ಸೀಸದ ಕಾಲಾಳುಗಳು, ಕುದುರೆ ಸವಾರರು, ಮರದ ತುಂಡನ್ನು ಸಿಡಿಸುವ ಸ್ಪ್ರಿಂಗ್ ಫಿರಂಗಿ, ರಟ್ಟಿನ ಮನೆಗಳು: ಇಷ್ಟೇ ಅದರ ಸಾಮಗ್ರಿ. ರಕ್ತಪಾತವಿಲ್ಲದ ಈ ಕಿರುಯುದ್ಧವನ್ನು ಆಡಿದವನಿಗೆ ಮಹಾಯುದ್ಧದ ಅವಿವೇಕ ಮನವರಿಕೆಯಾಗುತ್ತದೆ ಎಂಬುದು ಗ್ರಂಥದ ಉಪಸಂಹಾರ.

ವಾದವು ಆಕರ್ಷಕವಾಗಿದೆ, ಪರಿಪೂರ್ಣವಲ್ಲ. ರೈಸ್ವಿಟ್ಸ್ 1824ರಲ್ಲಿ ಪ್ರಕಟಿಸಿದ ಯುದ್ಧಕ್ರೀಡೆಯನ್ನು ಪ್ರಷ್ಯದ ಸೇನೆಯು ನಿಜ ಸಮರದ ಅಭ್ಯಾಸಕ್ಕೇ ಬಳಸಿತು. ಸ್ವತಃ ವೆಲ್ಸ್, 1914ರಲ್ಲಿ ಮಹಾಯುದ್ಧ ಆರಂಭವಾದಾಗ, ಯುದ್ಧಗಳನ್ನೇ ಕೊನೆಗಾಣಿಸುವ ಯುದ್ಧವೆಂದು ಅದನ್ನು ಸಮರ್ಥಿಸಿ ಬರೆದರು. ಆಟವು ತಾನಾಗಿಯೇ ಮನಸ್ಸನ್ನು ಶುದ್ಧಗೊಳಿಸದು.

ಜನ್ನನ ‘ಯಶೋಧರ ಚರಿತೆ’ ಇಲ್ಲಿ ಸ್ಮರಣೀಯ. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಯಶೋಧರನೂ ತಾಯಿ ಚಂದ್ರಮತಿಯೂ ಭವಭವಗಳಲ್ಲಿ ತೊಳಲಿದರು. ದೋಷವಿದ್ದುದು ಹಿಟ್ಟಿನಲ್ಲಲ್ಲ, ಕೊಲ್ಲುವ ಸಂಕಲ್ಪದಲ್ಲಿ. ದ್ರವ್ಯಹಿಂಸೆಯಿಲ್ಲದೆಡೆಯಲ್ಲಿಯೂ ಭಾವಹಿಂಸೆ ಸಂಭವಿಸಬಲ್ಲದು.

ಹಾಗೆಂದು ಆಟಿಕೆಯ ಸೈನಿಕನನ್ನು ಮುಟ್ಟಿದ ಮಾತ್ರಕ್ಕೆ ಪಾಪವೆನ್ನುವುದೂ ಸಲ್ಲದು. ಬೆರಳುದ್ದವೂ ಇಲ್ಲದ ಬೊಂಬೆಗೆ ಸೂಕ್ಷ್ಮ ಕುಂಚದಿಂದ ಕಣ್ಣು ಬರೆಯುವ ಹವ್ಯಾಸಿಯು ಒಂದೇ ಮುಖವನ್ನು ಬಹುಹೊತ್ತು ಎಚ್ಚರದಿಂದ ನೋಡುತ್ತಾನೆ. ಅದು ತಾಳ್ಮೆಯ ಸಾಧನೆಯೇ ಸರಿ. ಅದೇ ಬೊಂಬೆ ಆಟದಲ್ಲಿ ಉರುಳಿದಾಗ ಉಂಟಾಗುವುದು ಉಲ್ಲಾಸವೋ ಮರುಕವೋ ಎಂಬಲ್ಲಿ ನಿಜವಾದ ಪರೀಕ್ಷೆಯಿದೆ. ವೆಲ್ಸ್ ಯುದ್ಧವನ್ನು ಪರೀಕ್ಷೆಗೊಡ್ಡಿದರು. ಆಟಗಾರನ ಅಂತರಂಗವನ್ನು ಒಡ್ಡಲಿಲ್ಲ. ಉತ್ಸಾಹಪೂರ್ಣವಾದ ಆ ಗ್ರಂಥದ ಕೊರತೆ ಇದೇ.