ಹಿತ್ತಲ ಹರವಿ

ಬೇಸಿಗೆ ಕಾಲಿಟ್ಟಿತೆಂದರೆ ನಮ್ಮ ವಿಜಯಪುರದ ಕಡೆ ಮೊದಲು ಜಾಗ ಬದಲಿಸುವುದು ನೀರಿನ ಹರವಿ. ಅಡುಗೆಮನೆಯ ಮೂಲೆ ಬಿಟ್ಟು ಹಿತ್ತಲ ಬೇವಿನ ಬುಡಕ್ಕೆ, ಉಸುಕಿನ ಮೇಲೆ ಬಂದು ಕೂರುತ್ತದೆ. ಮುಚ್ಚಿದ ತಟ್ಟೆಯ ಮೇಲೆ ಬೇವಿನ ಹೂ ಉದುರಿರುತ್ತದೆ. ಕೆಳಗಿನ ಹಸಿ ಉಸುಕಿಗೆ ಜೇನ್ನೊಣ ಮುತ್ತಿರುತ್ತವೆ.

ಮಾರ್ಚ್‌ನ ಒಣಗಾಳಿಗೆ ಹರವಿಯ ಮೈ ಬೆವರುತ್ತದೆ, ಬೆವರು ಆರುತ್ತದೆ, ಆರುವಾಗ ಒಳಗಿನ ಬಿಸಿಯನ್ನೂ ಎಳೆದೊಯ್ಯುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಬೇಕು. ಹವಾಮಾನ ಕೇಂದ್ರದಲ್ಲಿ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಮಾಡುವುದೂ ಇದೇ ಕೆಲಸ: ಗಾಳಿ ಒಣಗಿದಷ್ಟೂ ಪಾದರಸ ಇಳಿಯುತ್ತದೆ. ಫ್ರಿಜ್ಜಿಗೆ ಈ ವಿದ್ಯೆ ಇಲ್ಲ. ಅದಕ್ಕೆ ಎಲ್ಲ ದಿನವೂ ಒಂದೇ.

ಏಪ್ರಿಲ್ ಕೊನೆಗೆ ಒಂದು ಮಧ್ಯಾಹ್ನ ಗಾಳಿ ನಿಂತು ಸೆಕೆ ಕವಿಯುತ್ತದೆ. ತಂಬಿಗೆ ಅದ್ದಿ ಕುಡಿದ ಆಯಿ ಮುಖ ಸಿಂಡರಿಸುತ್ತಿದ್ದಳು: "ನೀರು ಬೆಚ್ಚಗ ಅದಾವು. ಸಂಜೀಕ ಅಡ್ಡಮಳಿ ಬಂದೀತು, ಕುಳ್ಳು ಒಳಗ ಹಾಕ."

ಕುಳ್ಳು ಹೊತ್ತದ್ದೇ ಬಂತು, ಮಳೆ ಬಾರದ ಸಂಜೆಗಳೂ ಇದ್ದವು. ಬೋರಿನ ನೀರಿನ ಸುಣ್ಣ ಕಟ್ಟಿ ರಂಧ್ರ ಮುಚ್ಚಿದ ಹಳೆ ಹರವಿಯ ಮಾತು ನಂಬುವಂತಿಲ್ಲ. ಅದಕ್ಕೇ ಯುಗಾದಿಯ ಹೊತ್ತಿಗೆ ಕುಂಬಾರರ ಮನೆಯಿಂದ ಹೊಸದು ಬರುತ್ತಿತ್ತು, ಬೆರಳಿಂದ ಬಡಿದು ಸದ್ದು ಕೇಳಿಯೇ.